ಓವನ್ನಿನಲ್ಲಿ ಹೊಡೆದ ಗಂಟೆ

ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು ನಾನು ಘೋಷಿಸಿಯೇಬಿಟ್ಟೆ: ಇಂದಿನಿಂದ ಈ ಮನೆಯ ಆರೋಗ್ಯದ ಸಕಲ ಹೊಣೆಯೂ ನನ್ನದು! ಯುದ್ಧ ಸಾರುವ ದೊರೆ ಕೂಡ ಅಷ್ಟು ಗತ್ತಿನಿಂದ ನಿಂತಿರಲಾರ. ನನ್ನ ಪ್ರಜೆಗಳು ಇಬ್ಬರೇ. ಒಬ್ಬಳು ನನ್ನ ಹೆಂಡತಿ, ಪೇಪರಿನ ಹಿಂದಿದ್ದಳು. ಇನ್ನೊಬ್ಬರು ನನ್ನ ಮಾವ, ಒಂದು ತಟ್ಟೆ ಕರಿದ ಆಲೂಗಡ್ಡೆಯ ಹಿಂದಿದ್ದರು. ಇಬ್ಬರೂ ತಲೆ ಎತ್ತಲಿಲ್ಲ.

ಮಾವನವರು ನಿವೃತ್ತ ದಂತವೈದ್ಯರು. ಜೀವಮಾನವಿಡೀ ಊರಿನವರಿಗೆಲ್ಲ ಅದು ತಿನ್ನಬೇಡಿ, ಇದು ತಿನ್ನಬೇಡಿ ಎಂದು ಹೇಳಿ, ನಿವೃತ್ತರಾದ ಮರುದಿನದಿಂದ ಅದನ್ನೂ ಇದನ್ನೂ ತಾವೇ ತಿನ್ನಲು ಕುಳಿತವರು. ಹಸಿರು ಬಣ್ಣದ್ದು ಮಾತ್ರ ಅವರ ತುಟಿ ದಾಟುವುದಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದೆಲ್ಲ ಹಸಿರೇ, ತೆಗೆದು ತೆಗೆದು ಸಾಕಾಗಿದೆ ಎನ್ನುವುದು ಅವರ ವಾದ. ಹಿಂದಿನ ವಾರ ಅವರ ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟು, ತರಕಾರಿ ತಿನ್ನುವುದಿಲ್ಲವಾದರೆ ಮುಂದಿನ ಸಲ ಬರುವಾಗ ಆಸ್ಪತ್ರೆಯಲ್ಲಿ ಉಳಿಯಲು ಬಟ್ಟೆ ತಂದುಬಿಡಿ ಎಂದಿದ್ದರು. ಅಂದಿನಿಂದ ನನ್ನ ಹೆಂಡತಿಗೆ ನಿದ್ದೆಯಿಲ್ಲ. ತಾಯಿಯನ್ನು ಕಳೆದುಕೊಂಡವಳು, ಉಳಿದಿರುವುದು ಅಪ್ಪ ಒಬ್ಬರೇ. ಬೇಡಿದಳು, ಬೈದಳು, ಒಂದು ಹೊತ್ತು ಮಾತು ಬಿಟ್ಟಳು. ಮಾವ ಜಗ್ಗಲಿಲ್ಲ.

ಅದಕ್ಕೇ ನಾನು ರಂಗಪ್ರವೇಶ ಮಾಡಿದ್ದು.

"ಬ್ರಾಕೊಲಿ," ಎಂದೆ. "ಓವನ್ನಿನಲ್ಲಿ ಹುರಿದ ಬ್ರಾಕೊಲಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಊಟಕ್ಕೆ ನೆಂಚಿಕೊಳ್ಳೋಕೆ ಬಡಿಸ್ತೀನಿ. ಮಾವ ತಟ್ಟೆ ನೆಕ್ಕದಿದ್ರೆ ಕೇಳಿ."

"ಮೊದಲು ನೀವು ತಿಂದಿದ್ದೀರಾ?" ಎಂದು ಪೇಪರು ಕೇಳಿತು.

"ನಾನಾ? ಮಾವ ಒಂದು ತುಂಡು ತಿಂದ್ರೆ ನಾನು ಎರಡು ತಿಂತೀನಿ. ಬರೆದಿಟ್ಕೋ."

ಹೆಂಡತಿಯ ಹತ್ತಿರ ಬರೆದಿಟ್ಕೋ ಎನ್ನಬಾರದು. ಅವಳು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ವಕೀಲರು ಕೆಮ್ಮಿದರೆ ಕೆಮ್ಮನ್ನೂ ಬಿಡದವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಅವಳ ತಲೆಯಲ್ಲೇ ಇರುತ್ತದೆ. ಮದುವೆಗೆ ಮುಂಚೆ ನಾನು ಆಡಿದ್ದೂ ಇದೆ.

ಮಾವ ಕೈಯೊರೆಸಿಕೊಂಡು ಗೋಡೆಯತ್ತ ಬೆರಳು ತೋರಿಸಿದರು. ಅಲ್ಲಿ ಅತ್ತೆಯವರ ಗಡಿಯಾರ ತೂಗುತ್ತಿತ್ತು. ಮರದ ಚೌಕಟ್ಟು, ಹಿತ್ತಾಳೆಯ ಹೊಟ್ಟೆ. ಅತ್ತೆ ಇದ್ದಾಗ ಗಂಟೆಗಂಟೆಗೆ ಹೊಡೆಯುತ್ತಿದ್ದ ಅದು, ಅವರು ಹೋದ ಮೇಲೆ ಮೂಕಾಯಿತು. ಮುಳ್ಳು ನಡೆಯುತ್ತದೆ, ಗಂಟೆ ಹೊಡೆಯುವುದಿಲ್ಲ. ರಿಪೇರಿಯವನಿಗೆ ಕೊಡೋಣ ಎಂದರೆ ಮಾವ ಕೆರಳುತ್ತಿದ್ದರು. ಚಕ್ರಕ್ಕಿರುವುದೂ ಹಲ್ಲೇ ತಾನೇ, ಸಾವಿರಾರು ಬಾಯಿ ಬಿಡಿಸಿದವನಿಗೆ ಇದೊಂದು ಬಾಯಿ ಹೆಚ್ಚೇ ಎನ್ನುತ್ತಿದ್ದರು. ಹಲ್ಲು ಕೀಳುವ ಸಾಮಾನುಗಳಿಂದಲೇ ಅದರ ಒಳಗೆ ಕೆದಕಿ, ವಾರ ವಾರವೂ ಎಣ್ಣೆ ಸುರಿದು, ಪೂರ್ತಿ ಕೀಲಿ ಕೊಟ್ಟು, ಕಿವಿಯಿಟ್ಟು ಕಾಯುತ್ತಿದ್ದರು. ಅದು ತುಟಿ ಪಿಟಕ್ ಎನ್ನಲಿಲ್ಲ. ಅವರೂ ಒಳಗೊಳಗೇ ಕೈಬಿಟ್ಟಿದ್ದರು ಅಂತ ಕಾಣುತ್ತದೆ. ಇಲ್ಲದಿದ್ದರೆ ಹೀಗೊಂದು ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

"ಅಳಿಯಂದಿರೇ, ಆ ಗಡಿಯಾರ ಹೊಡೆದ ದಿನ ನಿಮ್ಮ ಹಸಿರು ತಿಂತೀನಿ. ಎಷ್ಟು ಹೊಡೆಯುತ್ತೋ ಅಷ್ಟು ತುಂಡು. ಸರೀನಾ?"

ಪೇಪರಿನ ಹಿಂದೆ ಏನೋ ದಾಖಲಾದ ಸದ್ದು ನನಗೆ ಕೇಳಿಸಿತು. ಮಾವ ನಗುತ್ತಾ ಇನ್ನೊಂದು ಆಲೂಗಡ್ಡೆ ಬಾಯಿಗೆ ಹಾಕಿಕೊಂಡರು.

ಇರಲಿ. ಎದುರಿಗೆ ಗರಿಗರಿಯಾದ ಬ್ರಾಕೊಲಿ ಬಂದು ಕೂತರೆ ಶಪಥ ಗಿಪಥ ಎಲ್ಲ ಗಾಳಿಗೆ ಹಾರುತ್ತದೆ ಎಂದುಕೊಂಡು ನಾನು ಅಡುಗೆಮನೆಗೆ ನಡೆದೆ.

ನಮ್ಮ ಓವನ್ನಿನ ವಿಷಯ ಒಂದೆರಡು ಮಾತು ಹೇಳಬೇಕು. ಅದನ್ನು ಕೊಂಡಾಗ ದಿನಾ ಕೇಕು, ದಿನಾ ಬ್ರೆಡ್ಡು ಎಂದು ಮನೆಯವರೆಲ್ಲ ಕನಸು ಕಂಡಿದ್ದೆವು. ಬಂದ ತಿಂಗಳಿಗೇ ಅದು ಬೀರುವಾಯಿತು. ಬಾಗಿಲಿದೆ, ಅಟ್ಟಣಿಗೆಯಿದೆ, ಬೀರುವಿಗೆ ಇನ್ನೇನು ಬೇಕು? ಮುಚ್ಚಳ ಕಳೆದುಕೊಂಡ ಡಬ್ಬಿಗಳು, ಡಬ್ಬಿ ಕಳೆದುಕೊಂಡ ಮುಚ್ಚಳಗಳು, ಚೀಲಗಳನ್ನೆಲ್ಲ ತುಂಬಿದ ಒಂದು ಚೀಲ, ಒಂದು ಮಡಿಸುವ ಕೊಡೆ. ಎಲ್ಲಿಯೂ ಜಾಗ ಸಿಗದ್ದು ಓವನ್ನಿಗೆ ಹೋಗುತ್ತದೆ ಎಂಬುದು ನಮ್ಮ ಮನೆಯ ಶಾಸನ.

ನಾನೇನು ಸಾಮಾನ್ಯನೇ? ವಿಮಾ ಕಂಪನಿಯಲ್ಲಿ ನಷ್ಟ ಪರಿಶೀಲಕ! ಸುಟ್ಟ ಅಡುಗೆಮನೆಗಳನ್ನು ನೋಡಿ ನೋಡಿ ಪಳಗಿದವನು. ಸುಟ್ಟ ಟೋಸ್ಟರಿನ ಮುಂದೆ ಅಳುತ್ತ ನಿಂತ ಜನರನ್ನು, ಘಟನೆ ನಡೆದಾಗ ತಾವು ಎಲ್ಲಿದ್ದಿರಿ, ಉಪಕರಣ ಹಚ್ಚುವ ಮುನ್ನ ಒಳಗೆ ನೋಡಿದಿರಾ ಎಂದು ಕೇಳಿ ತಲೆತಗ್ಗಿಸುವಂತೆ ಮಾಡಿದವನು. ಅಂಥವನು ಓವನ್ನನ್ನು ಪರಿಶೀಲಿಸದೆ ಬಿಡುತ್ತೇನೆಯೇ? ಒಂದೊಂದೇ ಸಾಮಾನು ಹೊರಗೆ ತೆಗೆದೆ. ಮೂಲೆ ಮೂಲೆ ಒರೆಸಿದೆ. ಖಾಲಿ! ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲು ಹಾಕಿ, ಬ್ರಾಕೊಲಿಯನ್ನೂ ಆಲಿವ್ ಎಣ್ಣೆಯನ್ನೂ ತರಲು ಅಂಗಡಿಗೆ ಹೋದೆ. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದಳು.

ವಾಪಸು ಬಂದಾಗ ಹಾಲಿನ ಗೋಡೆಯ ಮೇಲೆ ಗಡಿಯಾರವಿರಲಿಲ್ಲ. ಬರೀ ಮೊಳೆ, ಸುತ್ತ ಒಂದು ಬಿಳಿ ಚೌಕ. ಪರಿಶೀಲಕನ ಕಣ್ಣು ಅದನ್ನು ನೋಡಿತು. ಪರಿಶೀಲಕನ ಬುದ್ಧಿ, ಮಾವ ಮತ್ತೆ ಹಲ್ಲು ಕೀಳಲು ಒಯ್ದಿರಬೇಕು ಎಂದು ಮುಂದೆ ಹೋಯಿತು.

ಓವನ್ನಿನ ಕೈಪಿಡಿಯನ್ನು ಓದಿದೆ. ಮೊದಲು ಖಾಲಿ ಓವನ್ ಕಾಯಿಸಬೇಕು, ಸಾಕಷ್ಟು ಬಿಸಿಯಾದಾಗ ಗಂಟೆ ಬಾರಿಸುತ್ತದೆ, ಆಮೇಲೆ ತಟ್ಟೆ ಒಳಗಿಡಬೇಕು ಎಂದಿತ್ತು. ಗುಂಡಿ ತಿರುಗಿಸಿದೆ. ಒಳಗೆ ಮತ್ತೊಮ್ಮೆ ನೋಡಿದೆನೇ? ನೋಡಲಿಲ್ಲ. ಒಂದು ಗಂಟೆ ಮುಂಚೆ ಖಾಲಿಯಿದ್ದದ್ದು ಈಗಲೂ ಖಾಲಿಯೇ ಅಲ್ಲವೇ! ಬ್ರಾಕೊಲಿಯನ್ನು ತೊಳೆದು ಒರೆಸಿ, ಸಣ್ಣ ಸಣ್ಣ ತುಂಡು ಮಾಡಿ, ಎಣ್ಣೆ, ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಕಲಸತೊಡಗಿದೆ. ಹಾಡೂ ಗುನುಗುತ್ತಿದ್ದೆ.

ತಾರಸಿಯಿಂದ ಇಳಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತು ಮೂಗರಳಿಸಿದಳು. "ಏನ್ರೀ, ಮರ ಸುಟ್ಟ ವಾಸನೆ?"

"ಬ್ರಾಕೊಲಿ ಅಂದ್ರೆ ಒಂದು ಪುಟ್ಟ ಮರಾನೇ ಕಣೇ. ಅದು ಹುರಿಯೋವಾಗ ಹಾಗೇ ಇರುತ್ತೆ."

"ಬ್ರಾಕೊಲಿ ನಿಮ್ಮ ಕೈಯಲ್ಲೇ ಇದೆಯಲ್ಲ?"

ನಾನು ಕೈ ನೋಡಿಕೊಂಡೆ. ನಿಜವೇ, ಇತ್ತು.

ಅಷ್ಟರಲ್ಲಿ ಓವನ್ನಿನೊಳಗಿಂದ ಢಣ್ ಎಂದಿತು. ನನಗೆ ಹೋದ ಜೀವ ಬಂದಂತಾಯಿತು. ನೋಡು, ಬಿಸಿಯಾಯಿತು, ಕೈಪಿಡಿಯಲ್ಲಿ ಹೇಳಿದಂತೆಯೇ ಗಂಟೆ ಹೊಡೆಯಿತು ಎಂದೆ. ಢಣ್ ಎಂದು ಮತ್ತೊಂದು. ಎಂಥ ಕಾಳಜಿಯ ಕಂಪನಿ, ಕಿವಿ ಮಂದ ಇರುವವರಿಗೆಂದು ಎರಡು ಸಲ ಹೊಡೆಯುತ್ತದೆ ಎಂದೆ. ಢಣ್. ಢಣ್. ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಅದು ಅಮ್ಮನ ಗಡಿಯಾರದ ಸದ್ದು," ಎಂದಳು.

ಮಲಗಿದ್ದ ಮಾವ ಎದ್ದು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲಿಗೆ ಇಲ್ಲ, ಹಾಗೆಯೇ ಓಡಿ ಬಂದರು. ನಾನು ಓವನ್ನಿನ ಬಾಗಿಲು ತೆರೆದೆ. ಭುಸ್ಸೆಂದು ಹೊಗೆ. ಹೊಗೆಯ ನಡುವೆ, ಸಿಂಹಾಸನದ ಮೇಲೆ ಕುಳಿತಂತೆ, ಅತ್ತೆಯವರ ಗಡಿಯಾರ!

ಆದದ್ದು ಇಷ್ಟು. ಚೌಕಟ್ಟಿನ ಮೂಲೆ ಬಿಟ್ಟುಕೊಂಡಿತ್ತಂತೆ. ಮಾವ ಅಂಟು ಹಾಕಿ, ಅದು ಒಣಗುವವರೆಗೆ ಧೂಳಿಲ್ಲದ ಜಾಗ ಹುಡುಕಿದರಂತೆ. ಅಡುಗೆಮನೆಗೆ ಬಂದು ನೋಡಿದರೆ ಓವನ್ ಖಾಲಿ, ಒರೆಸಿ ಇಟ್ಟಂತಿದೆ. ಎಲ್ಲಿಯೂ ಜಾಗ ಸಿಗದ್ದು ಓವನ್ನಿಗೆ! ಮನೆಯ ಶಾಸನವನ್ನು ಪಾಲಿಸಿ, ಬಾಗಿಲು ಹಾಕಿ, ನೆಮ್ಮದಿಯಾಗಿ ಹೋಗಿ ಮಲಗಿದ್ದರು.

ನಾನು ಎರಡು ಟವೆಲುಗಳಲ್ಲಿ ಹಿಡಿದು ಅದನ್ನು ಊಟದ ಮೇಜಿಗೆ ತಂದಿಟ್ಟೆ. ಇಟ್ಟ ಕೂಡಲೇ ಕರಗಿದ ಅಂಟು ಕೈಕೊಟ್ಟಿತು. ನಾಲ್ಕು ಪಟ್ಟಿಗಳು ನಾಲ್ಕು ದಿಕ್ಕಿಗೆ ಬಿದ್ದವು. ಉಳಿದದ್ದು ಬರೀ ಹಿತ್ತಾಳೆಯ ಯಂತ್ರ, ಅದರ ಪುಟ್ಟ ಸುತ್ತಿಗೆ. ಆ ಸುತ್ತಿಗೆ ಮಾತ್ರ ನಿಲ್ಲಲಿಲ್ಲ, ಹೊಡೆಯುತ್ತಲೇ ಇತ್ತು. ಮಾವ ಎಷ್ಟೋ ವರ್ಷ ಸುರಿದ ಎಣ್ಣೆಯೆಲ್ಲ ಒಳಗೆ ಅಂಟಾಗಿ ಗಟ್ಟಿ ಕೂತಿತ್ತಲ್ಲ, ಅದು ಕರಗಿ ಮೇಜಿನ ಮೇಲೆ ಕಪ್ಪಗೆ ಹರಿಯುತ್ತಿತ್ತು. ವರ್ಷಾನುಗಟ್ಟಲೆ ಕೊಟ್ಟ ಕೀಲಿ ಒಮ್ಮೆಲೇ ಬಿಚ್ಚಿಕೊಳ್ಳುತ್ತಿತ್ತು.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. ಮಾವ ಕುರ್ಚಿಗೆ ಕುಸಿದು, ಅತ್ತೆಯವರನ್ನೇ ಕಂಡವರ ಹಾಗೆ ಅದನ್ನು ನೋಡುತ್ತಿದ್ದರು. ಸತ್ಯ ಹೇಳಬೇಕೆಂದರೆ ನಾನೂ ಕಣ್ಣೊರೆಸಿಕೊಳ್ಳಲು ಟವೆಲು ಎತ್ತಿದೆ. ಆದರೆ ಆ ಘಳಿಗೆಯಲ್ಲೇ ನನಗೆ ಬೆಳಗಿನ ಶಪಥ ನೆನಪಾಯಿತು. ಟವೆಲನ್ನು ಹಾಗೆಯೇ ಕೆಳಗಿಟ್ಟೆ.

"ಮಾವ, ಎಣಿಸ್ಕೊಳ್ಳಿ," ಎಂದೆ. "ಎಷ್ಟು ಹೊಡೆಯುತ್ತೋ ಅಷ್ಟು ತುಂಡು ಅಂದಿದ್ರಿ. ಎಂಟಾಯ್ತು. ಒಂಬತ್ತು. ಹೊಡೀಲಿ, ಹೊಡೀಲಿ."

ಮೇಜು ಗುದ್ದುತ್ತಾ ಗಡಿಯಾರವನ್ನು ಹುರಿದುಂಬಿಸಿದೆ. ಹನ್ನೆರಡು ದಾಟಿತು. ಯಾವ ಗಡಿಯಾರವೂ ದಾಟದ ಗಡಿ! ಹದಿಮೂರು, ಹದಿನಾಲ್ಕು. ನಾನು ಕುಣಿಯುವುದೊಂದು ಬಾಕಿ. ಆಗ ಹೆಂಡತಿ ಕಣ್ಣೊರೆಸಿಕೊಂಡು, ಕೋರ್ಟಿನಲ್ಲಿ ಹೇಳಿಕೆ ಓದುವ ಧ್ವನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು:

"ಮಾವ ಒಂದು ತುಂಡು ತಿಂದ್ರೆ ನಾನು ಎರಡು ತಿಂತೀನಿ. ಬರೆದಿಟ್ಕೋ."

ನನ್ನ ಕೈ ಗಾಳಿಯಲ್ಲೇ ನಿಂತಿತು. ಗಡಿಯಾರ ನಿಲ್ಲಲಿಲ್ಲ.

ಹದಿನೇಳು ಎಂದರೆ ಮೂವತ್ತನಾಲ್ಕು. ಹದಿನೆಂಟು ಎಂದರೆ ಮೂವತ್ತಾರು. ಹುರಿದುಂಬಿಸಿದ ಬಾಯಿಂದಲೇ ಸಾಕಪ್ಪಾ ತಂದೆ ಎಂದು ಬೇಡಿಕೊಂಡೆ. ಕೇಳದಿದ್ದಾಗ ಸುತ್ತಿಗೆಯನ್ನೇ ಹಿಡಿದು ನಿಲ್ಲಿಸಲು ಕೈ ಹಾಕಿದೆ. ಕಾದ ಹಿತ್ತಾಳೆ! ನಾನು ಬೆರಳು ಬಾಯಲ್ಲಿಟ್ಟುಕೊಂಡು ಕುಣಿದೆ. ಕುಣಿಯುವುದೊಂದು ಬಾಕಿಯಿತ್ತಲ್ಲ, ಅದೂ ಆಯಿತು. ಅದು ಇಪ್ಪತ್ತಾರಕ್ಕೆ ನಿಂತಿತು.

ಹೆಂಡತಿ ನನ್ನ ಬೆರಳಿಗೆ ತಣ್ಣೀರು ಬಿಡುತ್ತಾ ಮೆತ್ತಗೆ ಕೇಳಿದಳು. "ಉಪಕರಣ ಹಚ್ಚುವ ಮುನ್ನ ಒಳಗೆ ನೋಡಿದಿರಾ?"

ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಸುಟ್ಟ ಟೋಸ್ಟರುಗಳ ಒಡೆಯರೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ಹೋದರು.

ಮಾವ ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಮೇಜಿನ ಮುಂದೆ ಟವೆಲು ಕಟ್ಟಿಕೊಂಡು ಕೂತರು. ಓವನ್ನಿನ ಒಳಗೆ ಮೂರು ಸಲ ಇಣುಕಿ ನೋಡಿ, ಮತ್ತೆ ಕಾಯಿಸಿ, ಬ್ರಾಕೊಲಿ ಹುರಿದೆ. ಜಂಬವಲ್ಲ, ಅಂಚು ನಿಜಕ್ಕೂ ಗರಿಗರಿಯಾಗಿತ್ತು. ಮಾವ ಮೊದಲ ತುಂಡನ್ನು ಕೊಳೆತ ಹಲ್ಲು ಹಿಡಿದಂತೆ ದೂರ ಹಿಡಿದು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದರು. ಕಣ್ಣು ತೆರೆದರು. ಇನ್ನೊಂದು ಹಾಕಿಕೊಂಡರು. ಆಮೇಲೆ ಎಣಿಸುವುದನ್ನೇ ಬಿಟ್ಟರು.

"ಆಲೂಗಡ್ಡೆಗಿಂತ ಜೋರಾಗಿ ಕರುಂ ಅನ್ನುತ್ತೆ ಕಣಮ್ಮಾ," ಎಂದರು ಮಗಳಿಗೆ. "ಇಷ್ಟು ದಿನ ಯಾಕೆ ಮಾಡಿರಲಿಲ್ಲ?"

ನನ್ನ ಸರದಿ ಬಂತು. ಈಗ ಹೇಳಿಬಿಡುತ್ತೇನೆ, ಅಲ್ಲಿಯವರೆಗೆ ನಾನು ಬ್ರಾಕೊಲಿಯನ್ನು ನೋಡಿದ್ದೆ, ಹೊಗಳಿದ್ದೆ, ತಿಂದಿರಲಿಲ್ಲ. ಮೊದಲ ತುಂಡು ನಾಲಿಗೆಗೆ ತಾಗಿದ್ದೇ ತಡ, ಒದ್ದೆ ಕಂಬಳಿಗೆ ಉಪ್ಪು ಹಾಕಿ ಅಗಿದಂತಾಯಿತು. ಇನ್ನು ಐವತ್ತೊಂದು! ನುಂಗಿದೆ, ನೀರು ಕುಡಿದೆ, ಮತ್ತೆ ನುಂಗಿದೆ. ಹತ್ತನೆಯ ತುಂಡಿಗೆ ನನ್ನ ಮುಖ ಬ್ರಾಕೊಲಿಯ ಬಣ್ಣಕ್ಕೆ ಬಂತು. ಹೆಂಡತಿ ಕರುಣೆಯಿಟ್ಟು, ಉಳಿದದ್ದನ್ನು ದಿನಕ್ಕಿಷ್ಟರಂತೆ ತೀರಿಸಬಹುದು ಎಂದು ಆದೇಶ ಹೊರಡಿಸಿದಳು.

ತೀರಿತೇ? ಎಲ್ಲಿ ತೀರುತ್ತದೆ! ಮಾವ ಚೌಕಟ್ಟನ್ನು ಹೊಸದಾಗಿ ಅಂಟಿಸಿ ಗಡಿಯಾರವನ್ನು ಗೋಡೆಗೆ ಏರಿಸಿದರು. ಒಳಗಿನ ಕೊಳೆಯೆಲ್ಲ ಕರಗಿ ಹೋದ ಅದು ಈಗ ಅತ್ತೆಯವರ ಕಾಲದಂತೆ ಠಾಕುಠೀಕಾಗಿ ಹೊಡೆಯುತ್ತದೆ. ಸಂಜೆ ಏಳು ಹೊಡೆಯುತ್ತಲೇ ಮಾವ ತಟ್ಟೆ ಹಿಡಿದು ಕೂರುತ್ತಾರೆ. ಅವರಿಗೆ ಏಳು, ನನಗೆ ಹದಿನಾಲ್ಕು. ಡಾಕ್ಟರು ಹೊಸ ವರದಿ ನೋಡಿ ಬೆನ್ನು ತಟ್ಟಿ ಕಳಿಸಿದರು, ಮಾವನ ಬೆನ್ನು. ಹೆಂಡತಿ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಮನೆಯಲ್ಲಿ ನಾನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸುಖವಾಗಿದ್ದಾರೆ.

ನಿನ್ನೆ ಸಂಜೆ ತಡೆಯಲಾಗಲಿಲ್ಲ. ಮಾವ ವಾಕಿಂಗ್ ಹೋಗಿದ್ದರು, ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಆ ಗಡಿಯಾರವನ್ನು ವರ್ಷಗಟ್ಟಲೆ ಮೂಕ ಮಾಡಿದ್ದು ಎಣ್ಣೆಯಲ್ಲವೇ? ಸ್ಟೂಲು ಇಟ್ಟು ಹತ್ತಿದೆ. ಮೆಲ್ಲಗೆ ಗಡಿಯಾರದ ಬಾಗಿಲು ತೆರೆದು, ಆಲಿವ್ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿ, ಇನ್ನೇನು ಬಗ್ಗಿಸಬೇಕು.

"ಘಟನೆ ನಡೆದಾಗ ತಾವು ಎಲ್ಲಿದ್ದಿರಿ?" ಎಂದು ಹಿಂದಿನಿಂದ ಕೇಳಿತು.

ತಿರುಗಿ ನೋಡಿದೆ. ಹೆಂಡತಿ ತಲೆಗೆ ಟವೆಲು ಸುತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಬಾಟಲಿಯ ಮುಚ್ಚಳ ಮತ್ತೆ ಹಾಕಿದೆ. ಬಾಯಿ ಬಿಟ್ಟರೆ ಎಲ್ಲ ದಾಖಲಾಗುತ್ತದೆ.

"ಇಳೀರಿ," ಎಂದಳು. "ಏಳು ಹೊಡೆಯೋಕೆ ಇನ್ನು ಸ್ವಲ್ಪ ಹೊತ್ತಿದೆ. ಆ ಎಣ್ಣೆ ಬ್ರಾಕೊಲಿಗೆ ಬೇಕು."