ಯಾರೂ ಸಾಯದ ಸಿನಿಮಾ

ದುಃಖದ ಮನೆಯಲ್ಲೂ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ನಗಲು ಮಾತ್ರ ನಮಗೆ ಧೈರ್ಯ ಬರುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಹುಕ್ಕೇರಿಯಲ್ಲಿರುವ ನನ್ನ ತಂಗಿಯ ಮನೆಗೆ ಬಂದಳು. ಅಕ್ಕ ಗೋಕಾಕದಲ್ಲಿ, ನಾನು ಮೂಡಲಗಿಯಲ್ಲಿ. ಎರಡು ತಿಂಗಳಾದರೂ ಅವ್ವನ ಬಾಯಿಂದ ಒಂದು ಮಾತಿಲ್ಲ. ಉಣ್ಣು ಎಂದರೆ ಉಣ್ಣುವಳು, ಮಲಗು ಎಂದರೆ ಮಲಗುವಳು. ಉಳಿದ ಹೊತ್ತೆಲ್ಲ ಗೋಡೆ ನೋಡುವಳು.

"ಗ್ವಾಡಿ ಬದ್ಲಿ ಟಿವಿ ಆದ್ರೂ ನೋಡ್ಲಿ" ಅಂದಳು ಅಕ್ಕ.

ಅಗ್ಗದ ಪ್ಯಾಕು

ಕೇಬಲ್ ಧಾರಾವಾಹಿಯಲ್ಲಿ ಬರೀ ಅಳು. ಅದಕ್ಕೇ ಇಂಟರ್ನೆಟ್ಟಿನಲ್ಲಿ ಬೇಕಾದದ್ದನ್ನು ಆರಿಸಿ ನೋಡುವ ಪ್ಯಾಕು ಹಾಕಿಸೋಣ ಎಂದೆವು. ಮೂರು ಮನೆಗೂ ಸೇರಿ ಒಂದೇ, ಅದರಲ್ಲೂ ಎಲ್ಲಕ್ಕಿಂತ ಅಗ್ಗದ್ದು. ಒಂದು ಮನೆಯಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯುವುದಿಲ್ಲ.

ಒಂದು ಸಂಜೆ ಅಕ್ಕನ ಗಂಡ ಗೋಕಾಕದಲ್ಲಿ ರಿಮೋಟು ಒತ್ತಿದರೆ ಬೇರೆ ಮನೆಯಲ್ಲಿ ನಡೆಯುತ್ತಿದೆ ಎಂದು ತೋರಿಸಿತು. ಅವರಿಗೆ ಖುಷಿಯೋ ಖುಷಿ. ಕೂಡಲೇ ಹುಕ್ಕೇರಿಗೆ ಫೋನು ಮಾಡಿದರು.

"ಅತ್ತಿಯವ್ರು ಟಿವಿ ನೋಡಾಕತ್ತಾರೇನು?"

"ಇಲ್ಲ ಮಾಮಾ" ಅಂದಳು ತಂಗಿ. "ಟಿವಿ ಚಾಲೂ ಐತಿ. ಅವ್ವ ಗ್ವಾಡೀನ ನೋಡಾಕತ್ತಾಳ."

ಪರೀಕ್ಷೆ

ಅವ್ವನಿಗೆ ತೋರಿಸುವುದರಲ್ಲಿ ಯಾರೂ ಸಾಯಬಾರದು, ಯಾರ ಕುಂಕುಮವೂ ಅಳಿಯಬಾರದು ಎಂದು ಮೂವರೂ ಮಾತಾಡಿಕೊಂಡೆವು. ಮೊದಲು ನೋಡಿ ಪಾಸು ಮಾಡುವ ಕೆಲಸ ನನ್ನದು.

ನಗೆಯ ಸಿನಿಮಾ ಎಂದು ಹಾಕಿದೆ. ಕಾಲು ಗಂಟೆಗೆ ನಾಯಕನ ಅಪ್ಪನ ಫೋಟೋಕ್ಕೆ ಹಾರ ಬಿತ್ತು. ಬಂದ್ ಮಾಡಿದೆ. ಪ್ರೀತಿಯ ಕತೆ ಹಾಕಿದೆ. ಹುಡುಗಿಯ ಅಪ್ಪ ಎದೆ ಹಿಡಿದುಕೊಂಡ. ಅದನ್ನೂ ಬಂದ್ ಮಾಡಿದೆ. ನಮ್ಮಪ್ಪನೂ ಹಾಗೇ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಟಿವಿ ಬಂದ್ ಮಾಡಿದ ಮೇಲೂ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಿದ್ದೆ.

ನನ್ನ ಗಂಡ ಎಂಟು ದಿನ ಜೊತೆಗೆ ಕೂತು ಅರ್ಧರ್ಧ ಸಿನಿಮಾ ನೋಡಿ, ಒಂಬತ್ತನೆಯ ದಿನ ಬಾಯಿಬಿಟ್ಟರು: "ನಿನ್ನ ಸಿನಿಮಾದಾಗ ಯಾರೂ ಸಾಯಂಗಿಲ್ಲ, ಖರೆ. ಆದ್ರ ಯಾರದೂ ಲಗ್ನಾನೂ ಆಗವಲ್ದಲ್ಲ!"

ಕುರಿ

ಅಪ್ಪ ಕುರಿ ಕಾಯ್ದು ನಮ್ಮನ್ನು ಬೆಳೆಸಿದವನು. ಅಕ್ಕ ಯಾವುದೋ ಹೊರದೇಶದ ಕುರಿಗಾರರ ಚಿತ್ರ ಹುಡುಕಿ ತೆಗೆದಳು. "ಇದರಾಗ ಮನಷ್ಯಾರ ಕಡಿಮಿ" ಅಂದಳು ಸಮಾಧಾನದಿಂದ.

ಗುಡ್ಡದ ತುಂಬ ಕುರಿ. ಅವ್ವ ಗೋಡೆ ಬಿಟ್ಟು ಈ ಕಡೆ ತಿರುಗಿದಳಂತೆ. ತಂಗಿ ರಿಮೋಟು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅಷ್ಟರಲ್ಲಿ ತೋಳ ಬಂತು. ತಂಗಿ ಹೆದರಿ ಟಿವಿ ಬಂದ್ ಮಾಡಿಬಿಟ್ಟಳು.

"ಯಾಕ ಬಂದ್ ಮಾಡಿದಿ? ಚಾಲೂ ಮಾಡ!"

ಎರಡೂವರೆ ತಿಂಗಳಲ್ಲಿ ಅವ್ವನ ಮೊದಲ ಮಾತು. ತಂಗಿ ಅಳುತ್ತ ನಮಗಿಬ್ಬರಿಗೂ ಫೋನು ಹಚ್ಚಿದಳು. ನಾವೂ ಅತ್ತೆವು. ಹಿಂದಿನಿಂದ ಅವ್ವನ ದನಿ ಕೇಳುತ್ತಿತ್ತು: "ಇಷ್ಟ ಕುರಿಗೆ ಒಂದ ನಾಯಿ ಇಟ್ಟಾನ. ಇವಂಗ ಹೆಣ್ಣ ಯಾರ ಕೊಟ್ಟಾರೋ!"

ಮಾತಾಡಿಸಲು ಬಂದವಳು

ಅಂದಿನಿಂದ ರಿಮೋಟು ಅವ್ವನ ಕೈ ಬಿಡಲಿಲ್ಲ. ತಾನೇ ಒಂದು ಪೊಲೀಸರ ಕತೆ ಆರಿಸಿಕೊಂಡಳು. ಸಾಹುಕಾರನೊಬ್ಬ ಸತ್ತಿರುತ್ತಾನೆ, ಕೊಂದವರು ಯಾರೆಂದು ಹತ್ತು ಕಂತು ಹುಡುಕುತ್ತಾರೆ. ಅವ್ವ ಮಾತಾಡಿದ್ದೇ ಸಾಕೆಂದು ನಾವೂ ಬೇಡ ಎನ್ನಲಿಲ್ಲ.

ಕೊನೆಯ ಕಂತಿನ ದಿನ ನಾನೂ ಹುಕ್ಕೇರಿಯಲ್ಲಿದ್ದೆ. ಸಂಕೇಶ್ವರದಿಂದ ಅಪ್ಪನ ಚಿಕ್ಕಪ್ಪನ ಮಗಳು, ಅವ್ವನಿಗೆ ನಾದಿನಿಯಾಗಬೇಕಾದವಳು, ಬಂದಳು. ಅಪ್ಪನ ದಿನಕಾರ್ಯಕ್ಕೆ ಬರಲಾಗಿರಲಿಲ್ಲ ಎಂದು ಅವ್ವನನ್ನು ಮಾತಾಡಿಸಲು ಬಂದವಳು, ಪಕ್ಕದಲ್ಲಿ ಕೂತು ಸೆರಗು ಮುಖಕ್ಕೆ ಹಾಕಿಕೊಂಡು ಅತ್ತಳು.

"ಅಷ್ಟ ಗಟ್ಟಿ ಮನಷ್ಯಾ! ಒಮ್ಮಿಗೇ ಹೆಂಗ ಸತ್ತ ವೈನಿ?"

ಅವ್ವನ ಕಣ್ಣು ಟಿವಿಯಲ್ಲೇ ಇತ್ತು. "ಹೆಂಡ್ತೀನ ಹಾಲಿನಾಗ ವಿಷಾ ಹಾಕ್ಯಾಳ. ಇನ್ನೂ ಪೊಲೀಸರಿಗೆ ಗೊತ್ತಾಗಿಲ್ಲ."

ಬಂದವಳ ಅಳು ಗಕ್ಕನೆ ನಿಂತಿತು. ಸೆರಗು ಜಾರಿತು. ಒಮ್ಮೆ ಅವ್ವನನ್ನು ನೋಡಿದಳು, ಒಮ್ಮೆ ಬಾಗಿಲು ನೋಡಿದಳು. ಮೆಲ್ಲಗೆ ಎದ್ದಳು.

ಆಗ ಅವ್ವ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಮನೆಯ ಹಿರಿಯಳ ಕಳೆ ಬಂದಿತ್ತು. ಮೊಣಕಾಲಿಗೆ ಕೈ ಊರಿ ಎದ್ದು ಅಡುಗೆಮನೆಯ ಕಡೆ ಹೊರಟಳು.

"ಅಯ್ಯ, ಹಂಗ ಹೊಂಟಿಯೇನು? ಕುಂದ್ರು, ಕುಂದ್ರು. ನಾನ ಚಾ ಮಾಡತೇನಿ."

"ಬ್ಯಾಡ ವೈನಿ!" ಅಂದಳು ಬಂದವಳು, ಚಪ್ಪಲಿ ಹುಡುಕುತ್ತ. "ಹಾಲ ಹಾಕಿದ್ದ ನಾ ಏನೂ ಕುಡ್ಯಂಗಿಲ್ಲ."