ನಾಳೆಯ ಸುದ್ದಿ ಹೇಳದ ನಾದಿನಿ

ನನ್ನ ನಾದಿನಿಗೆ ನಾಳೆ ಎಂಬುದೇ ಇಲ್ಲ! ಅಂದರೆ, ಇದೆ, ಅದರ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ, ಅಷ್ಟೆ. ಹೊರಟವರನ್ನು ‘ಎಲ್ಲಿಗೆ’ ಎನ್ನಬಾರದು, ‘ದೂರ ಹೊಂಟೀರಿ?’ ಎನ್ನಬೇಕು, ಇದು ನಮ್ಮ ಸಿಂಧನೂರು ಕಡೆ ಎಲ್ಲರ ರೂಢಿ. ಈಕೆಯೋ, ಬಸ್ಸಿನ ಕಂಡಕ್ಟರ್ ಕೇಳಿದರೂ ಊರಿನ ಹೆಸರು ಹೇಳಳು. ‘ಮುಂದಕ್ಕ’ ಎನ್ನುತ್ತಾಳೆ! ಹೆಂಗಸರಿಗೆ ಹೇಗೂ ಫ್ರೀ. ಆತ ಬೇಸತ್ತು ಲಿಂಗಸುಗೂರಿನ ಟಿಕೆಟ್ ಕೊಟ್ಟರೆ, ಮೇಡಮ್ ಮಸ್ಕಿಯಲ್ಲಿ ಗಂಭೀರವಾಗಿ ಇಳಿಯುತ್ತಾರೆ.

ಇಂಥವಳಿಗೆ ನಾನು ಇಂಗ್ಲಿಷ್ ಕಲಿಸಬೇಕಾಯಿತು. ಗಂಡ ತೀರಿದ ಮೇಲೆ ತವರಿಗೆ ಬಂದವಳು. ನನ್ನ ಯಜಮಾನರೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಲಿಂಗಸುಗೂರಿನಲ್ಲೊಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಬೇಕಾಗಿತ್ತು. ಇವಳಿಗೆ ತನ್ನದೇ ಒಂದು ಕೋಣೆ, ಒಂದು ಬೀಗದ ಕೈ ಬೇಕಾಗಿತ್ತು. ಇಂಟರ್‌ವ್ಯೂ ಸೋಮವಾರ, ಇಂಗ್ಲಿಷಿನಲ್ಲಿ. ಅಲ್ಲಿ ‘ಮುಂದೇನು ಮಾಡುತ್ತೀ’ ಎಂದೇ ಕೇಳುತ್ತಾರಲ್ಲವೆ?

ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ ಸ್ಟೈಲಿನಲ್ಲೇ ಶುರುಮಾಡಿದೆ: ‘ಟುಮಾರೋ ಐ ವಿಲ್ ಗೋ ಟು ಮಸ್ಕಿ.’ ಬಾಯಿ ಬಿಗಿದಳು. ಆಲ್‌ರೈಟ್, ‘ಐ ಮೇ ಗೋ’ ಅನ್ನು, ಹೋಗಲೂಬಹುದು, ಬಿಡಲೂಬಹುದು, ಎಂದೆ.

“ಹೋಗಿ ಬಂದಮ್ಯಾಲೆ ಹೇಳ್ತೀನಿ ವೈನಿ. ಯೆಸ್ಟರ್ಡೇ ಕಲಸ್ರಿ.”

“ಹಂಗಾರ ಕೆಲಸ ಸಿಕ್ಕಮ್ಯಾಲೆ ಇಂಟರ್‌ವ್ಯೂಗೆ ಹೋಗ್ತೀಯೇನು?”

ಪಕ್ಕದ ಮನೆಯವಳ ಭವಿಷ್ಯವನ್ನಾದರೂ ಹೇಳು ಎಂದೆ. ಎಷ್ಟು ಸಲೀಸು! ‘ಶಿ ವಿಲ್ ಫೈಟ್ ವಿತ್ ಹಸ್ಬೆಂಡ್.’ ತನ್ನದು ಬಂತೋ, ಮತ್ತೆ ‘ಯೆಸ್ಟರ್ಡೇ’! ಬಾಯಿಬಿಟ್ಟರೆ ಕೆಟ್ಟುಹೋದೀತೆಂಬ ಭಯ. ಕೆಲಸ ಸಿಕ್ಕರೆ ಮನೆಯಲ್ಲಿ ನಾನೊಬ್ಬಳೇ ಎಂಬುದನ್ನು ನಾನೂ ಬಾಯಿಬಿಡಲಿಲ್ಲ.

ಸೋಮವಾರ ಹಾಸ್ಟೆಲಿನ ಹೊರಬೆಂಚಿನಲ್ಲಿ ಕುಳಿತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮೇಡಮ್, ಇಲ್ಲಿಗೆ ಬಂದರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮತ್ತೆ ಕೇಳಿದರು. ಫ್ಯಾನಿನ ಸದ್ದಷ್ಟೇ. ಕುರ್ಚಿ ಸರಿದ ಸಪ್ಪಳ; ಎದ್ದುಬಿಟ್ಟಳು, ಎಲ್ಲ ಮುಗಿಯಿತು ಅಂದುಕೊಂಡೆ.

“ಐ ವಿಲ್ ಲಾಕ್ ಗೇಟ್,” ಅವಳದೇ ದನಿ! “ಗರ್ಲ್ ಗೆಟ್ ಫೀವರ್, ಐ ವಿಲ್ ಸಿಟ್.” ಆಮೇಲೆ, ಯಾರೂ ಕೇಳದಿದ್ದರೂ: “ಮೈ ವೈನಿ ಈಸ್ ಓಲ್ಡ್. ಶಿ ವಿಲ್ ಕಮ್. ಐ ವಿಲ್ ಕೀಪ್ ಒನ್ ಕಾಟ್.”

ತಿಳಿಸುತ್ತೇವೆ ಎಂದರು. ಹೊರಗೆ ಬಂದವಳು ಬೆಂಚಿನಲ್ಲಿ ನನ್ನ ಪಕ್ಕ ಕುಳಿತಳು.

“ಎಲ್ಲಾ ಹೇಳಿಬಿಟ್ಟೆ ವೈನಿ. ಇನ್ನ ಏನಾಕೈತೋ.”

ಅವಳ ತಣ್ಣಗಿನ ಕೈಯನ್ನು ಹಿಡಿದುಕೊಂಡೆ.

“ನನ್ನ ಮಂಚ ಕಿಡಕಿ ಬಾಜೂಕ ಹಾಕು,” ಎಂದೆ.