ಮಗಳ ಜರ್ಮನ್ ಕ್ಲಾಸಿಗೆ ನಾನೂ ಸೇರಿದ್ದು

ನನ್ನ ಮಗಳು ಸಿಂಧು ಒಂದನೇ ತರಗತಿಗೆ ಸೇರಿದ ದಿನವೇ ನಾನೂ ಸೇರಿದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ, ಅಷ್ಟೇ ವ್ಯತ್ಯಾಸ. ಮಗ್ಗಿ, ಕಾಗುಣಿತ, ಪಾಣಿಪತ್ ಕದನ ಎಲ್ಲವನ್ನೂ ಇಬ್ಬರೂ ಒಟ್ಟಿಗೇ ಓದಿದೆವು. ಪರೀಕ್ಷೆ ಹೇಗಾಯಿತೆಂದು ಬೀದಿಯಲ್ಲಿ ಯಾರಾದರೂ ಅವಳನ್ನು ಕೇಳಿದರೆ, ಗಣಿತ ಚೆನ್ನಾಗಾಯಿತು, ವಿಜ್ಞಾನಕ್ಕೆ ನಮಗೆ ಸ್ವಲ್ಪ ಸಮಯ ಸಾಲಲಿಲ್ಲ ಎಂದು ನಾನೇ ಹೇಳುತ್ತಿದ್ದೆ. ಬೇಸಿಗೆ ರಜೆ ಬಂದರಂತೂ ಅವಳಿಗಿಂತ ನನಗೇ ಹೆಚ್ಚು ದಣಿವು. ಚಿತ್ರಕಲೆ, ಚೆಸ್ಸು, ಈಜು. ಈಜುಕೊಳದ ದಂಡೆಯ ಮೇಲೆ ನಿಂತು ಎರಡೂ ಕೈ ಬೀಸಿ ತೋರಿಸುತ್ತಾ ಅವಳಿಗೆ ಈಜು ಕಲಿಸಿದವಳು ನಾನು. ನನಗೆ ಈಜು ಬರುವುದಿಲ್ಲ.

ಹೀಗೆ ದ್ವಿತೀಯ ಪಿಯುಸಿಯನ್ನು ನಾವು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದೆವು. ಅದಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಸಿಂಧು, ತಾನು ಜರ್ಮನಿಗೆ ಹೋಗಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತೇನೆ ಎಂದಳು. ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ವಿಭಾಗದವರು. ಅವರ ವಿಭಾಗದ ಅತಿ ಹಳೆಯ ಯಂತ್ರ ಜರ್ಮನಿಯದು. ಅದು ಇವತ್ತಿಗೂ ಒಂದು ದಿನ ರಜೆ ಹಾಕಿಲ್ಲವಂತೆ. ಆ ಒಂದು ಕಾರಣಕ್ಕೆ ಅವರು ಅನ್ನ ಕಲಸುತ್ತಲೇ ಒಪ್ಪಿಗೆ ಕೊಟ್ಟುಬಿಟ್ಟರು.

ಹೋಗಬೇಕಾದರೆ ಮೊದಲು ಆ ಭಾಷೆ ಕಲಿಯಬೇಕು. ಅದರಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹಂತಗಳಿವೆ. ಈ ರಜೆಯಲ್ಲಿ ಮೊದಲ ಹಂತ ಪಾಸಾದರೆ ಮುಂದಿನ ಬ್ಯಾಚಿಗೆ ಸೇರಬಹುದು. ತಪ್ಪಿದರೆ ಎಲ್ಲವೂ ಹಿಂದೆ ಬಿದ್ದು ಒಂದು ವರ್ಷ ಹಾಳು. ಇಷ್ಟು ದೊಡ್ಡ ಜವಾಬ್ದಾರಿಯನ್ನು ಹದಿನೆಂಟು ತುಂಬದ ಹುಡುಗಿಯೊಬ್ಬಳ ತಲೆಗೆ ಕಟ್ಟುವಷ್ಟು ಕಲ್ಲು ಮನಸ್ಸು ನನ್ನದಲ್ಲ. ನಾನೂ ಕ್ಲಾಸಿಗೆ ಸೇರುತ್ತೇನೆ ಎಂದೆ.

"ನೀನ್ಯಾಕೆ?" ಎಂದರು ಯಜಮಾನರು.

"ನಾನು ಕಲೀದೆ ಇದ್ರೆ ಮನೇಲಿ ಅವಳಿಗೆ ಹೇಳ್ಕೊಡೋರ್ಯಾರು?"

ಸಿಂಧು ತಟ್ಟೆಯಿಂದ ತಲೆ ಎತ್ತಲಿಲ್ಲ. ಅದನ್ನು ನಾನು ಕೃತಜ್ಞತೆ ಎಂದುಕೊಂಡೆ.

ಕ್ಲಾಸು ಇದ್ದದ್ದು ಪೀಣ್ಯದಲ್ಲಿ, ಬೇರಿಂಗ್ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾವಿರುವ ಮಾಕಳಿಯಿಂದ ತುಮಕೂರು ರಸ್ತೆಯ ಲಾರಿಗಳ ನಡುವೆ ನುಸುಳುತ್ತಾ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸಿಳಿದ ಕೂಡಲೇ ಅವಳ ನಡಿಗೆ ಮಾತ್ರ ಚುರುಕಾಗುತ್ತಿತ್ತು. ನಮಗೆ ಕಲಿಸುತ್ತಿದ್ದ ಅನಿತಾ ಮೇಡಂ ಸಿಂಧುವಿನ ಅಕ್ಕನಂತಿದ್ದರು. ತರಗತಿಯಲ್ಲಿ ಬಹುತೇಕ ನರ್ಸುಗಳು ಮತ್ತು ಕಾರ್ಖಾನೆಗಳ ಯುವ ಇಂಜಿನಿಯರುಗಳು. ನಾನು ಮೊದಲ ಬೆಂಚು ಹಿಡಿದೆ. ಸಿಂಧು ಕೊನೆಯ ಬೆಂಚಿಗೆ ಹೋದಳು. ಪಕ್ಕದ ಹುಡುಗಿಗೆ ನನ್ನನ್ನು "ನಮ್ಮ ಏರಿಯಾ ಆಂಟಿ" ಎಂದು ಪರಿಚಯಿಸಿದ್ದಳಂತೆ. ಊಟದ ಬಿಡುವಿನಲ್ಲಿ ನಾನು ಡಬ್ಬಿ ತೆರೆದು, ಪುಟ್ಟೀ, ಮೊಸರನ್ನ ಹುಳಿಯಾಗ್ತಿದೆ ಬಾ ಎಂದು ಇಡೀ ತರಗತಿಗೆ ಕೇಳುವಂತೆ ಕೂಗಿದಾಗ ಆ ಗುಟ್ಟು ರಟ್ಟಾಯಿತು.

ನಾನು ಒಳ್ಳೆಯ ವಿದ್ಯಾರ್ಥಿನಿ. ಮೇಡಂ ಯಾರಿಗೆ ಪ್ರಶ್ನೆ ಕೇಳಿದರೂ ನಾನೇ ಉತ್ತರಿಸುತ್ತಿದ್ದೆ. ಬೇರೆಯವರಿಗೂ ಅವಕಾಶ ಕೊಡಿ ಎಂದು ಅವರು ನಯವಾಗಿ ಹೇಳಿದರು. ಕೊಟ್ಟೆ. ಆದರೆ ಸಿಂಧುವಿನ ಸರದಿ ಬಂದಾಗ ಮಾತ್ರ ನನ್ನ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಮನೆಗೆ ಬಂದ ಮೇಲೆ ಕುಕ್ಕರ್ ಕೂಗುವುದರೊಳಗೆ ಅಂದಿನ ಪಾಠ ಒಪ್ಪಿಸಬೇಕೆಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದೆ. ಪರೀಕ್ಷೆ ಹತ್ತಿರ ಬಂದಾಗ, ಗಮನ ಬೇರೆ ಕಡೆ ಹೋಗದಿರಲೆಂದು ಅವಳ ಮೊಬೈಲನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಕ್ಲಾಸಿನ ಗ್ರೂಪಿಗೆ ಬರುವ ಸಂದೇಶಗಳನ್ನು ನಾನೇ ಓದಿ ಹೇಳುತ್ತೇನೆ ಎಂದೆ.

ಲಿಖಿತ ಪರೀಕ್ಷೆ ಸುಗಮವಾಗಿ ಮುಗಿಯಿತು. ಮೌಖಿಕ ಪರೀಕ್ಷೆಗೆ ಬರಬೇಕಾದ ಹೊತ್ತನ್ನು ಅನಿತಾ ಮೇಡಂ, ನಮಗೆ ಅಭ್ಯಾಸವಾಗಲೆಂದು, ಜರ್ಮನ್ ಭಾಷೆಯಲ್ಲೇ ಕಳಿಸಿದರು. "ಹಾಲ್ಪ್ ತ್ಸೇನ್" ಎಂದಿತ್ತು. ಹಾಲ್ಪ್ ಎಂದರೆ ಅರ್ಧ, ತ್ಸೇನ್ ಎಂದರೆ ಹತ್ತು. ಇದಕ್ಕೆ ಯಾವ ಪಂಡಿತರು ಬೇಕು? ಹತ್ತೂವರೆ ಎಂದು ಮನೆಯಲ್ಲಿ ಘೋಷಿಸಿದೆ. ಸಂದೇಶ ತೋರಿಸಮ್ಮ ಎಂದು ಸಿಂಧು ಕೇಳಿದಳು. ನೀನು ಓದ್ಕೋ ಹೋಗು ಎಂದೆ.

ಅಂದು ಹತ್ತೂಕಾಲಿಗೇ ತಲುಪಿ, ಕಾಲು ಗಂಟೆ ಮೊದಲೇ ಬಂದೆವೆಂಬ ಗರ್ವದಿಂದ ಮೆಟ್ಟಿಲು ಹತ್ತಿದೆ. ಎದುರಿಗೆ ಅನಿತಾ ಮೇಡಂ ನಿಂತಿದ್ದರು, ಮುಖ ಬಾಡಿತ್ತು.

"ಏನ್ ಮೇಡಂ, ಒಂಬತ್ತೂವರೆಗೆ ಬನ್ನಿ ಅಂತ ಹೇಳಿದ್ನಲ್ಲ?"

ಆ ದೇಶದಲ್ಲಿ ಅರ್ಧ ಹತ್ತು ಎಂದರೆ ಹತ್ತಾಗಿ ಅರ್ಧ ಗಂಟೆಯಲ್ಲವಂತೆ, ಹತ್ತಾಗುವುದಕ್ಕೆ ಅರ್ಧ ಗಂಟೆಯಂತೆ. ಪಾಠದಲ್ಲಿ ಹೇಳಿದ್ದರಂತೆ. ಹೇಳಿದ ದಿನ ಸಿಂಧು ಸರಿಯಾಗಿ ಬರೆದುಕೊಳ್ಳುತ್ತಿದ್ದಾಳೋ ಇಲ್ಲವೋ ಎಂದು ನಾನು ಹಿಂದೆ ತಿರುಗಿ ನೋಡುತ್ತಿದ್ದೆ ಅನಿಸುತ್ತದೆ. ಸಿಂಧು ಆ ಕ್ಷಣದಲ್ಲಿ ನನ್ನತ್ತ ಬೀರಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಉಳಿದವರೆಲ್ಲ ಜೋಡಿಜೋಡಿಯಾಗಿ ಪರೀಕ್ಷೆ ಮುಗಿಸಿ ಹೋಗಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು, ತೆಳ್ಳಗಿನ ಹಿರಿಯರೊಬ್ಬರು, ಚೀಲ ಹೆಗಲಿಗೇರಿಸಿಕೊಂಡಿದ್ದರು. ನಾನು ಕೈಮುಗಿದೆ. ಅನಿತಾ ಮೇಡಂ ನಮ್ಮ ಪರವಾಗಿ ಬೇಡಿದರು. ಕೊನೆಗೆ ಅವರು ಚೀಲ ಇಳಿಸಿ, ಉಳಿದಿರುವುದು ನೀವಿಬ್ಬರೇ, ಆದ್ದರಿಂದ ನೀವಿಬ್ಬರೇ ಒಂದು ಜೋಡಿ ಎಂದರು. ದೇವರು ದೊಡ್ಡವನು ಎಂದುಕೊಂಡೆ. ಸಿಂಧು ಕಣ್ಣು ಮುಚ್ಚಿಕೊಂಡಳು.

ನಿಯಮ ಸರಳವಾಗಿತ್ತು. ಜರ್ಮನ್ ಬಿಟ್ಟು ಬೇರೆ ಭಾಷೆಯಾಡುವಂತಿಲ್ಲ. ಮೊದಲು ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು, ಆಮೇಲೆ ನಾವೇ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು. ಅವರು ಸಿಂಧುವನ್ನು, ಎಲ್ಲಿ ವಾಸ ಎಂದು ಕೇಳಿದರು. ಅವಳು ಉಸಿರೆಳೆದುಕೊಂಡಳು. ಆ ಉಸಿರು ಯಾಕೋ ಉದ್ದವಾಯಿತೆನಿಸಿ ನಾನು ಮಾಕಳಿ ಎಂದುಬಿಟ್ಟೆ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಅದೂ ನನಗೆ ಗೊತ್ತಿತ್ತು. ಪರೀಕ್ಷಕರು ನನ್ನ ಕಡೆ ಅಂಗೈ ಎತ್ತಿ ತೋರಿಸಿದರು. ಸುಮ್ಮನಾದೆ. ನಿಜವಾಗಿಯೂ ಸುಮ್ಮನಾದೆ.

ಬೆಳಿಗ್ಗೆ ಏನು ಕುಡಿಯುತ್ತೀಯ ಎಂದು ಅವರು ಕೇಳಿದರು.

"ಕಾಫಿ," ಎಂದಳು ಸಿಂಧು.

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಹುಟ್ಟಿದಾಗಿನಿಂದ ಅವಳಿಗೆ ಬೆಳಿಗ್ಗೆ ಹಾಲು ಕೊಡುತ್ತಿರುವವಳು ನಾನು. ಇಂಥ ಸುಳ್ಳು ಸಾಕ್ಷಿಯನ್ನು ನೋಡಿಕೊಂಡು ಕೂರುವುದು ಹೇಗೆ?

"ನೈನ್," ಎಂದೆ. ಅಂದರೆ ಇಲ್ಲ. "ಮಿಲ್ಷ್." ಅಂದರೆ ಹಾಲು.

"ಕಾಫಿ," ಎಂದಳು ಅವಳು ಮತ್ತೆ, ಮೆಲ್ಲಗೆ.

ಆಗ ನನ್ನೊಳಗಿದ್ದ ವಿದ್ಯೆಯೆಲ್ಲ ಉಕ್ಕಿ ಬಂತು. ಯಾವಾಗಿನಿಂದ, ಎಲ್ಲಿ, ಯಾರ ಜೊತೆ, ಹಾಲನ್ನು ಯಾರು ಕುಡಿಯುತ್ತಿದ್ದಾರೆ, ಕೇಳಬೇಕಾದ್ದೆಲ್ಲವನ್ನೂ ಅಚ್ಚ ಜರ್ಮನ್ ಭಾಷೆಯಲ್ಲಿ, ಒಂದರ ಹಿಂದೊಂದು ಕೇಳಿದೆ. ಸಿಂಧು ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಪರೀಕ್ಷಕರು ಮಾತ್ರ ಏನನ್ನೋ ಬರೆದುಕೊಳ್ಳುತ್ತಲೇ ಇದ್ದರು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇದೊಂದೇ ಹಂತ ಅಲ್ಲ, ಮುಂದೆ ಇನ್ನೂ ಎಷ್ಟೋ ಇವೆ, ಬೇಜಾರು ಮಾಡ್ಕೋಬೇಡ ಎಂದೇನೇನೋ ಹೇಳಿದೆ. ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ ಅವಳು ಬಾಯಿಬಿಟ್ಟಳು.

"ಅಮ್ಮಾ, ಅಲ್ಲಿ ಹೋದ್ಮೇಲೆ ಮನೆ ಓನರ್ ಹತ್ರ, ಕಾಲೇಜಲ್ಲಿ, ಡಾಕ್ಟ್ರ ಹತ್ರ ನಾನೇ ಮಾತಾಡ್ಬೇಕು. ಇವತ್ತು ಒಂದಿನ ಮಾತಾಡೋಕೆ ಬಿಡ್ಬಹುದಿತ್ತಲ್ಲ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು. ಮಾಕಳಿ ಬರುವವರೆಗೂ ನಾನು ಟಿಕೆಟ್ ಮಡಿಸುತ್ತಾ ಕೂತಿದ್ದೆ. ಮನೆಗೆ ಬಂದವಳೇ ಬೀರು ತೆಗೆದು ಅವಳ ಮೊಬೈಲನ್ನು ಮೇಜಿನ ಮೇಲಿಟ್ಟೆ.

ಫಲಿತಾಂಶ ಬಂತು. ನಾನು ಪಾಸು. ಸಿಂಧು ಫೇಲು. ನನ್ನ ಹೆಸರಿನ ಮುಂದೆ "ಪ್ರಶ್ನೆ ಕೇಳುವುದರಲ್ಲಿ ಅಸಾಧಾರಣ ಸಾಮರ್ಥ್ಯ" ಎಂಬ ವಿಶೇಷ ಷರಾ ಇತ್ತು. ಯಜಮಾನರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದನ್ನ ನಾನು ಮದುವೆಯಾದ ವರ್ಷಾನೇ ಬರ್ದು ಕೊಡ್ತಿದ್ನಲ್ಲೇ," ಎಂದರು. ಆಮೇಲೆ, ಜರ್ಮನಿಯ ಚಳಿಗೆ ಸ್ವೆಟರ್ ಯಾರ ಅಳತೆಗೆ ತರಲಿ ಎಂದು ಕೇಳಿದರು.

ಮರುದಿನವೇ ಅನಿತಾ ಮೇಡಂ ಬಳಿ ಹೋಗಿ ತಪ್ಪೆಲ್ಲ ನನ್ನದು ಎಂದೆ. ಅವರಿಗೂ ಅದರಲ್ಲಿ ಅನುಮಾನವಿರಲಿಲ್ಲ. ಮೌಖಿಕಕ್ಕೆ ಇನ್ನೊಂದು ಅವಕಾಶ ಕೊಡಿಸಿದರು, ಸಿಂಧು ಒಬ್ಬಳೇ ಬರಬೇಕೆಂಬ ಷರತ್ತಿನ ಮೇಲೆ. ಆ ದಿನ ನಾನು ಮನೆಯಲ್ಲೇ ಉಳಿದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೆ ಹಾಕಿದೆ. ಮಧ್ಯಾಹ್ನ ಬಂದವಳು ಕೈಕಾಲು ತೊಳೆದು ಊಟಕ್ಕೆ ಕೂತಳು. ಏನು ಕೇಳಿದರು, ನೀನೇನು ಹೇಳಿದೆ ಎಂಬ ಪ್ರಶ್ನೆಗಳನ್ನು ಅನ್ನದ ಜೊತೆ ನುಂಗಿಕೊಂಡೆ. ಸಾರು ಉಪ್ಪುಪ್ಪಾಗಿದೆ ಎಂದಷ್ಟೇ ಹೇಳಿದಳು. ಅವಳು ಪಾಸಾದ ಸುದ್ದಿಯನ್ನು ನಾನು ಯಜಮಾನರಿಂದ ತಿಳಿದುಕೊಂಡೆ.

ಮುಂದಿನ ಬ್ಯಾಚಿಗೆ ಅವಳ ಹೆಸರು ಬರೆಸೋಣವೆಂದು ನಾನು ಪೀಣ್ಯಕ್ಕೆ ಹೋದೆ. ಆದರೆ ಸಿಂಧು ಹಿಂದಿನ ದಿನವೇ ಬಂದು ಸೇರಿಕೊಂಡಿದ್ದಾಳೆ ಎಂದರು ಅನಿತಾ ಮೇಡಂ.

"ಬೆಳಿಗ್ಗೆ ಒಂದು, ಸಂಜೆ ಒಂದು ಬ್ಯಾಚ್ ಇದೆ. ನಮ್ಮಮ್ಮ ಸೇರಿದ್ರೆ ಯಾವುದಕ್ಕೆ ಸೇರ್ತಾರೆ ಅಂತ ನಿಮ್ಮ ಮಗಳು ಕೇಳಿದ್ಳು."

ನನ್ನ ಕಣ್ಣು ಒದ್ದೆಯಾಯಿತು. ಎಷ್ಟಾದರೂ ಹೆತ್ತ ಮಗಳು. ನೀವೇನು ಹೇಳಿದಿರಿ ಎಂದೆ.

"ನಿಮಗೆ ಬೆಳಿಗ್ಗೆ ಅನುಕೂಲ ಆಗ್ಬಹುದು ಅಂದೆ. ಹಾಗಾದ್ರೆ ನನಗೆ ಸಂಜೇದು ಬರ್ಕೊಳ್ಳಿ ಅಂದ್ಳು."

ಅನಿತಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಬೆಳಗಿನ ಬ್ಯಾಚಿಗೆ ನನ್ನ ಹೆಸರು ಬರೆದುಕೊಳ್ಳಬೇಕೋ ಬೇಡವೋ ಎಂದು ಕೇಳಿ ನನ್ನ ಮುಖವನ್ನೇ ನೋಡಿದರು. ಆ ಮುಚ್ಚಳವನ್ನು ನಾನೇ ತೆಗೆದುಕೊಂಡು ಪೆನ್ನಿಗೆ ಮತ್ತೆ ಹಾಕಿದೆ.